ಏರಿಸದ ಸಂಬಾಳ

ಹೋದ ತಿಂಗಳು ಉಮರ್ಗಾದ ಬಸ್ ಸ್ಟ್ಯಾಂಡಿನ ಎದುರು ಒಂದು ಕಿರಾಣಿ ಅಂಗಡಿಯಲ್ಲಿ ನಿಂತಿದ್ದೆ. ದೀಪ ಹಚ್ಚುವ ಹೊತ್ತು. ಅಂಗಡಿಯವನು ಕೆಂಡದ ಮೇಲೆ ಗುಗ್ಗುಳ ಉದುರಿಸಿ, ಹೊಗೆಯನ್ನು ತಕ್ಕಡಿಗೆ ತೋರಿಸಿದ, ಗಲ್ಲಾಪೆಟ್ಟಿಗೆಗೆ ತೋರಿಸಿದ, ಪುಣೆ ಹೈದರಾಬಾದು ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಗಳಿಗೂ ಒಂದಿಷ್ಟು ತೋರಿಸಿ, ಕೊನೆಗೆ ಗಿರಾಕಿಯಾದ ನನ್ನ ಮುಖದ ಮುಂದೆ ಹಿಡಿದ. ನಾನು ಮೂಗು ಮುಚ್ಚಿಕೊಂಡೆ. ಅವನಿಗೆ ಬೇಸರವಾಗಿರಬೇಕು. ಎಲ್ಲರಿಗೂ ಅದು ದೇವರ ಮನೆಯ ವಾಸನೆ. ನನಗೆ ಅದು ಕೀವಿನ ವಾಸನೆ. ಒಂದು ಮಳೆಗಾಲದ ಮೊದಲ ದಿನಗಳಲ್ಲಿ, ಇದೇ ಊರಿನಲ್ಲಿ, ಒಬ್ಬ ಮನುಷ್ಯನ ಗಲ್ಲ ಕೊಳೆಯುತ್ತಿತ್ತು. ಆ ವಾಸನೆ ಹೊರಗೆ ಹೋಗಬಾರದೆಂದು ಮನೆಯವರು ಹಗಲೆಲ್ಲ ಗುಗ್ಗುಳ ಹಾಕುತ್ತಿದ್ದರು. ಅದು ಮುಚ್ಚಲಿಲ್ಲ. ಎರಡೂ ಬೆರೆತು ಒಂದೇ ಆದವು.

ಆ ಮನುಷ್ಯ ನನ್ನ ಸೋದರಮಾವ ಸಿದ್ರಾಮಪ್ಪ.

ಆ ವರ್ಷದ ಕಥೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನಯವಾಗುತ್ತ ಬಂದಿದೆ, ದಿನಾ ಕೈಯಾಡಿಸಿದ ಬಾಗಿಲ ಚಿಲಕದ ಹಾಗೆ. ನಯವಾದದ್ದರ ಮೇಲೆ ನನಗೆ ಸಂಶಯ. ಹಾಗಾಗಿ ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ.

ಖಾತ್ರಿಯಿರುವುದು ಇಷ್ಟು. ನನಗೆ ಉಮರ್ಗಾದ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಗೆ ವರ್ಗವಾಗಿತ್ತು. ಮಾವನ ಮನೆಯಲ್ಲೇ ಉಳಿದುಕೊಂಡಿದ್ದೆ. ಮಾವನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಅಂಗಡಿಯಲ್ಲಿ ಅವನು ಸೀರೆಯ ಮಡಿಕೆ ಬಿಚ್ಚುವ, ಮರಾಠಿಯಲ್ಲಿ ಚೌಕಾಸಿ ಮಾಡುವ, ಮಾತಿಗೊಮ್ಮೆ ನಗುವ ಸಾಹುಕಾರ. ಮದುವೆಯ ಕಾಲ ಬಂದರೆ ಪುರವಂತ. ವೀರಭದ್ರನನ್ನು ಮನೆದೇವರಾಗಿ ನಡೆದುಕೊಳ್ಳುವ ಮನೆಗಳಲ್ಲಿ ಮದುವೆಗೆ ಮುಂಚೆ ಗುಗ್ಗುಳ ತೆಗೆಯುತ್ತಾರೆ. ಗುಗ್ಗುಳ ಉರಿಯುವ ಕೊಡವನ್ನು ಮದುಮಗಳೋ ಮದುಮಗನೋ ಹೊತ್ತು ಗುಡಿಗೆ ಮೆರವಣಿಗೆಯಲ್ಲಿ ಹೋಗಬೇಕು. ಅದರ ಮುಂದೆ ಪುರವಂತ ಖಡ್ಗ ಹಿಡಿದು ಕುಣಿಯುತ್ತಾನೆ. ನಡುವೆ ಕುಣಿತ ನಿಂತಾಗ ವೀರಭದ್ರನ ಪ್ರತಾಪವನ್ನು ಕೂಗಿ ಹೊಗಳುವ ವಡಪು ಹೇಳುತ್ತಾರೆ. ಆವೇಶ ಬಂದಾಗ ಅವನು ಗಲ್ಲಕ್ಕೆ ಶಸ್ತ್ರ ಹಾಕಿಕೊಳ್ಳುತ್ತಾನೆ. ಶಸ್ತ್ರವೆಂದರೆ ತೆಳ್ಳಗಿನ ಕಬ್ಬಿಣದ ಕಡ್ಡಿ. ಒಂದು ಗಲ್ಲದಲ್ಲಿ ಚುಚ್ಚಿ ಇನ್ನೊಂದರಲ್ಲಿ ಹೊರಗೆ. ಹಟದವರು ಕಡ್ಡಿಯ ಹಿಂದೆ ಉದ್ದನೆಯ ದಾರ ಪೋಣಿಸಿ, ಅಷ್ಟೂ ದಾರವನ್ನು ಬಾಯೊಳಗಿನಿಂದ ಎಳೆಸಿಕೊಳ್ಳುತ್ತಾರೆ.

ಮಾವನ ಕುಣಿತಕ್ಕೆ ಸಂಬಾಳ ಬಾರಿಸುತ್ತಿದ್ದವನು ದಗಡು. ಸೊಂಟಕ್ಕೆ ಕಟ್ಟಿದ ಜೋಡಿ ವಾದ್ಯ, ಒಂದು ಬಾಗಿದ ಕೋಲು, ಒಂದು ನೆಟ್ಟಗಿನ ಕೋಲು. ಅವನ ಅಪ್ಪನ ಕಾಲದಿಂದ ಅವರ ಮನೆಯವರೇ ಮಾವನ ಮನೆಗೆ ಬಾರಿಸುತ್ತಿದ್ದರು. ಮಾತು ಮರಾಠಿ ಕನ್ನಡ ಎರಡೂ. ಬಾಯಿ ಬಹಳ.

ಆ ಬೇಸಿಗೆಯೆಲ್ಲ ನಾವು ಮೂವರೂ ಊರೂರು ತಿರುಗಿದೆವು. ಮಾವನಿಗೆ ನೆಂಟರ ಕರೆ, ದಗಡುಗೆ ಕೆಲಸ, ನನಗೆ ಶಾಲೆಯ ರಜೆ. ರಸ್ತೆಯ ಬದಿಯ ಬೇವಿನ ಮರಗಳು ಬಿಟ್ಟರೆ ಎಲ್ಲ ಕರಿ ನೆಲ, ಕಟಾವಾದ ತೊಗರಿಯ ಕೂಳೆ, ಬಾಯಿಗೆ ಬಡಿಯುವ ಬಿಸಿಗಾಳಿ. ನಿಲಂಗಾದ ಕಡೆ ಒಂದು ಮದುವೆಗೆ ಹೋಗಿದ್ದೆವು. ಅಲ್ಲಿ ವಡಪು ಹೇಳಲು ಬೇರೆಯೇ ಒಬ್ಬ ಮುದುಕ. ಅವನು ಬಾಯಿ ತೆರೆದರೆ ಸಂಬಾಳ ನಿಲ್ಲಬೇಕು, ಪುರವಂತ ಒಂದು ಕಾಲು ಎತ್ತಿದ್ದರೂ ಹಾಗೇ ಇಳಿಸಿ ನಿಲ್ಲಬೇಕು. ಮುದುಕ ಉಗುಳು ನುಂಗಿ, ಕನ್ನಡಕ ಒರೆಸಿ, ಮತ್ತೆ ಶುರು ಮಾಡುತ್ತಿದ್ದ. ಬಿಸಿಲಿಗೆ ಕೊಡ ಹೊತ್ತ ಹುಡುಗಿ ಬಾಡಿಹೋಗಿದ್ದಳು.

"ಈ ಅಜ್ಜನ ವಡಪ ಮುಗಿಯೂದ್ರಾಗ ಮದುಮಗಳಿಗಿ ಮೊಮ್ಮಕ್ಕಳಾಗ್ತಾವ್ರೀ ಸಾವಕಾರ್ರ," ಎಂದ ದಗಡು.

"ಸುಮ್ಕಿರಲೇ. ನಿಂಗ ನಿಂದ್ರಲಾಕ ದಮ್ಮಿಲ್ಲ, ಮಂದಿ ಬಾಯಿಗಿ ಬೈತಿ."

"ನಿಂದ್ರಾಕೇನ್ರೀ, ನಿಂದಿರ್ತೀನಿ. ಕೋಲಿಗಿ ನಿಂದ್ರಲಾಕ ಬರಲ್ಲ."

ಉದಗೀರದಲ್ಲಿ ನೋಡಿದ್ದು ಇದಕ್ಕೆ ತಿರುವುಮುರುವು. ಅಲ್ಲಿ ಮನೆಯ ಹೊಸ್ತಿಲಿನಿಂದಲೇ ಜೋರು. ಪುರವಂತರು ಹಾರುತ್ತಿದ್ದರು, ಗರಗರ ತಿರುಗುತ್ತಿದ್ದರು, ಹಿಂದಕ್ಕೆ ಓಡಿ ಮತ್ತೆ ಮುಂದೆ ನುಗ್ಗುತ್ತಿದ್ದರು. ಸಂಬಾಳದವನ ಕಣ್ಣು ಅವರ ಪಾದದ ಮೇಲೆ. ಅವರು ಹೇಗೆ ಹೆಜ್ಜೆ ಹಾಕಿದರೆ ಹಾಗೆ ಇವನ ಕೋಲು. ನಮ್ಮ ಉಮರ್ಗಾದಲ್ಲಿ ಹಾಗಲ್ಲ. ಇಲ್ಲಿ ಪುರವಂತ ಖಡ್ಗವನ್ನು ಎದೆಗೆ ಒತ್ತಿ ಹಿಡಿದು, ಸಣ್ಣ ಸುತ್ತಿನಲ್ಲಿ, ನೆಲ ತುಳಿಯುತ್ತ ಕುಣಿಯುತ್ತಾನೆ. ಸಂಬಾಳ ನಡಿಗೆಯಲ್ಲೇ, ಅಂದರೆ ನಿಧಾನದ ಪೆಟ್ಟಿನಲ್ಲೇ, ಬಹಳ ಹೊತ್ತು ಕಾಯುತ್ತದೆ. ಬಾರಿಸುವವನು ಕುಣಿಯುವವನ ಉಸಿರು, ಕಣ್ಣು, ಕಾಲು ನೋಡಿ, ಇನ್ನು ಇವನು ತಡೆದುಕೊಳ್ಳುತ್ತಾನೆ ಅನಿಸಿದಾಗ ಮಾತ್ರ ಲಯ ಏರಿಸುತ್ತಾನೆ. ಏರಿಸಿದ ಮೇಲೆಯೇ ಶಸ್ತ್ರ. ಅರ್ಧ ದಾರ ಎಳೆದ ಮೇಲೆ ಅವನೇ ಇಳಿಸುತ್ತಾನೆ, ಆಗ ಪುರವಂತ ಕೂರುತ್ತಾನೆ. ಏರಿಸುವ ಮುಂಚೆ ಶಸ್ತ್ರಕ್ಕೆ ಕೈ ಹಾಕಿದವನನ್ನು ಉಮರ್ಗಾದ ಜನ ಪುರವಂತ ಅನ್ನುವುದಿಲ್ಲ, ಸೋಂಗು, ಬರೀ ವೇಷ, ಅನ್ನುತ್ತಾರೆ.

ಅಂದರೆ ನಿಲಂಗಾದಲ್ಲಿ ಹೇಳುವವನ ಕೈಯಲ್ಲಿ ಲಗಾಮು, ಉದಗೀರದಲ್ಲಿ ಕುಣಿಯುವವನ ಕೈಯಲ್ಲಿ, ಉಮರ್ಗಾದಲ್ಲಿ ಬಾರಿಸುವವನ ಕೈಯಲ್ಲಿ. ಹೀಗೆ ಹೇಳಿದರೆ ಕೇಳುವವರು ತಲೆದೂಗುತ್ತಾರೆ. ಆದರೆ ನಾನು ನಿಲಂಗಾದಲ್ಲಿ ನೋಡಿದ್ದು ಒಂದೇ ಮದುವೆ. ಆ ಮುದುಕ ಸ್ವಭಾವದಿಂದಲೇ ಮೊಂಡನಿದ್ದರೆ? ಇಡೀ ತಾಲೂಕಿನ ಪದ್ಧತಿಯನ್ನು ನಾನು ಒಬ್ಬನ ಕನ್ನಡಕದಿಂದ ಮಾಡಿಕೊಂಡಿರಬಹುದು. ಉದಗೀರದ ಮಾತು ಮಾತ್ರ ನಿಜ. ಯಾಕೆಂದರೆ ಅಲ್ಲಿಂದ ವಾಪಸು ಬರುವಾಗ ಶಿರೂರ ಅನಂತಪಾಳದ ಒಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತ ಅವರಿಬ್ಬರೂ ಅದರ ಮೇಲೆಯೇ ಜಗಳಾಡಿದರು.

"ಅಂವೇನ್ ಬಾರಸ್ಯಾನ್ರೀ?" ದಗಡು ಬಶಿಯಲ್ಲಿ ಚಹಾ ಸುರಿದುಕೊಂಡ. "ಕುಣಿಯೋವ್ನ ಹಿಂದ ನಾಯಿ ಹಂಗ ಓಡ್ಯಾನ."

ಮಾವ ಹೇಳಿದ: "ಅದೇ ಖರೇ ಇರಬೇಕಲೇ. ದೇವ್ರು ಯಾವಾಗ ಬರ್ತಾನಂತ ಕುಣಿಯೋವ್ನಿಗಿ ಗೊತ್ತಿರ್ತದ. ನಿನಗ್ಯಾಕ ಗೊತ್ತಿರ್ತದ?"

"ದೇವ್ರು ಬಂದಾಗ ನಿಮಗ ನಿಮ್ಮ ಖಬರ್ ಎಲ್ಲಿರ್ತದ್ರೀ ಸಾವಕಾರ್ರ? ಯಾರಿಗಾರ ಒಬ್ಬರಿಗಿ ಖಬರ್ ಇರಬೇಕಲ."

ಮಾವ ನಕ್ಕ. ಆದರೆ ಆ ದಿನ ಅವನಿಗೆ ಉದಗೀರದ ಕುಣಿತ ಹಿಡಿಸಿತ್ತು. ಮಗಳು ಸುವರ್ಣಾಳನ್ನು ಅದೇ ಊರಿಗೆ ಕೊಡುವುದು ಗೊತ್ತಾಗಿತ್ತು. ಬೀಗರ ಕಡೆಯವರು ಹೇಗೆ ಕುಣಿಯುತ್ತಾರೆಂದು ನೋಡಲೆಂದೇ ಅವನು ಹೋಗಿದ್ದ.

ಮದುವೆಗೆ ಸ್ವಲ್ಪ ಮುಂಚೆ ಮಾವನ ಕಾಲಿಗೆ ಅಂಗಡಿಯ ಶಟರ್ ತಾಗಿ ಹೆಬ್ಬೆರಳು ಒಡೆಯಿತು. ಮಾಯಲಿಲ್ಲ. ಡಾಕ್ಟರು ರಕ್ತ ತೆಗೆಸಿ ನೋಡಿ, ಸಕ್ಕರೆ ಕಾಯಿಲೆ ಜೋರಾಗಿದೆ, ಬರಿಗಾಲಲ್ಲಿ ನಡೆಯಬೇಡಿ, ಮೈಮೇಲೆ ಒಂದು ಗೀರು ಸಹ ಆಗಕೂಡದು ಎಂದರು. ಮಹಾನಂದಾ ಅತ್ತೆ ಪಕ್ಕದಲ್ಲೇ ಇದ್ದಳು.

"ಕೇಳಿದ್ರಲ್ಲ? ಈ ಸಲ ಶಸ್ತ್ರ ಬ್ಯಾಡ," ಎಂದಳು ಮನೆಗೆ ಬಂದು.

"ಮಂದಿ ಮಕ್ಕಳ ಮದವಿಗೆಲ್ಲ ಹಾಕ್ಕೊಂಡೀನಿ. ನನ್ನ ಮಗಳ ಮದವ್ಯಾಗ ಖಡ್ಗ ಹಿಡ್ಕೊಂಡು ಸುಮ್ಕ ನಿಂದರ್ಲೇನು?"

"ಮಾಯಂಗಿಲ್ಲಂತ ಹೇಳ್ಯಾರ್ರೀ ಡಾಕ್ಟರು."

"ಶಸ್ತ್ರದ ಗಾಯ ಡಾಕ್ಟರನದಲ್ಲ. ವಿಭೂತಿ ಹಚ್ಚಿದ್ರ ಮಾಯ್ತದ. ಇಷ್ಟು ವರ್ಷ ಹ್ಯಾಂಗ ಮಾಯ್ದಾವ?"

ನಿಜವಾಗಿಯೂ ಮಾಯುತ್ತಿದ್ದವು. ಅವನ ಎರಡೂ ಗಲ್ಲಗಳಲ್ಲಿ ಹಳೆಯ ಗಾಯದ ಗುರುತು ಕಾಣುವುದೇ ಕಷ್ಟವಾಗಿತ್ತು.

ಇನ್ನು ಬರೆಯುವುದು ನನ್ನ ನೆನಪು ಮಾತ್ರ. ಮದುವೆಯ ಸಾಮಾನು ತುಂಬಿದ ಹಿತ್ತಲು, ಹೋಳಿಗೆಗೆ ಬೇಯುತ್ತಿದ್ದ ಕಡಲೆಬೇಳೆ. ದಗಡು ಹಿತ್ತಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಅತ್ತೆ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಾಳೆ. ನಾನು ಹಗ್ಗದ ಮೇಲಿಂದ ನನ್ನ ಅಂಗಿ ತೆಗೆದುಕೊಳ್ಳುತ್ತಿದ್ದೇನೆ.

"ದಗಡೂ, ನೀ ನಾಳಿಗಿ ಏರಸಬ್ಯಾಡಪಾ. ನೀ ಏರಸದಿದ್ರ ಅವ್ರಿಗಿ ಶಸ್ತ್ರ ಹಿಡಿಲಾಕ ಬರಂಗಿಲ್ಲ."

"ಬೀಗ್ರ ಮುಂದ ಮಂದಿ ಏನಂತಾರವ್ವಾ?"

"ಅನ್ನವ್ರು ಅನ್ಲಿ. ನಾ ಕೇಳ್ಕೋತೀನಿ."

ದಗಡು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಅತ್ತೆ ಸೌಟು ಹಿಡಿದಿದ್ದಳೋ, ಲಟ್ಟಣಿಗೆ ಹಿಡಿದಿದ್ದಳೋ. ಅದು ಬೇರೆ ಬೇರೆ ಸಲ ಹೇಳುವಾಗ ಬದಲಾಗಿದೆ. ಮಾತು ಬದಲಾಗಿಲ್ಲ.

ಮರುದಿನ ಬೆಳಿಗ್ಗೆ ಗುಗ್ಗುಳ ಹೊರಟಿತು. ಸುವರ್ಣಾಳ ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಹೊಗೆಯಾಡುವ ಕೊಡ. ಆ ಕೊಡ ಗುಡಿ ಮುಟ್ಟುವವರೆಗೆ ನೆಲಕ್ಕಿಳಿಯಬಾರದು. ಮಾವ ಕೆಂಪು ರುಮಾಲು ಸುತ್ತಿ, ಎದೆಗೆ ವೀರಭದ್ರನ ಮುಖದ ಹಿತ್ತಾಳೆ ತಗಡು ಕಟ್ಟಿ, ಗೆಜ್ಜೆ ತೊಟ್ಟು, ಬರಿಗಾಲಲ್ಲಿ. ಹೆಬ್ಬೆರಳಿನ ಪಟ್ಟಿ ಬಿಚ್ಚಿಹಾಕಿದ್ದ. ಉದಗೀರದ ಬೀಗರು ತಮ್ಮ ಸಂಬಾಳದವನನ್ನೂ ಕರೆತಂದಿದ್ದರು. ಅವನು ವಾದ್ಯ ಕಟ್ಟಿಕೊಂಡು ಬದಿಯಲ್ಲಿ ಪಾನ್ ಅಗಿಯುತ್ತ ನಡೆಯುತ್ತಿದ್ದ. ಇದು ಉಮರ್ಗಾದ ಮನೆಯ ಗುಗ್ಗುಳ, ದಗಡುವಿನದೇ ಪಾಳಿ.

ಗುಡಿಯ ಮುಂದಿನ ಚೌಕದಲ್ಲಿ ಮಾವ ಸುತ್ತು ಹಾಕತೊಡಗಿದ. ಸಂಬಾಳ ನಡಿಗೆಯಲ್ಲಿತ್ತು. ಮತ್ತೊಂದು ಸುತ್ತು. ನಡಿಗೆಯೇ. ಮಾವ ದಗಡುವಿನ ಮುಂದೆ ಬಂದು ನೆಲ ತುಳಿದ. ಅವನು ತುಳಿದಲ್ಲಿ ಕಲ್ಲಿನ ಮೇಲೆ ರಕ್ತದ ಗುರುತು.

"ಏರ್ಸೋ."

ದಗಡು ಅವನ ಕಾಲನ್ನೇ ನೋಡುತ್ತಿದ್ದ.

"ಏರ್ಸಲೇ ದಗಡ್ಯಾ!"

ಜನ ಮೊದಲು ಕಾದರು, ಆಮೇಲೆ ಪಿಸುಗುಟ್ಟಿದರು. ಬೀಗರ ಗುಂಪಿನಿಂದ ಯಾರೋ ಒಬ್ಬ ಹುಮ್ಮಸ್ಸಿನವನು ಕೂಗಿದ: "ಬೀಗ್ರ ದೇವ್ರು ಎಸ್‌ಟಿ ಬಸ್ ತಪ್ಪಿಸ್ಕೊಂಡಾನೇನ್ರೀ?" ಜನ ನಕ್ಕರು. ಕೆಟ್ಟ ನಗೆಯೇನಲ್ಲ, ಮದುವೆಯ ನಗೆ. ಆದರೆ ಮಾವನ ಮುಖ ನಾನು ಅಂಗಡಿಯಲ್ಲಿ, ಮನೆಯಲ್ಲಿ, ಎಂದೂ ಕಂಡಿರದ ಮುಖವಾಯಿತು. ಅವನು ದಗಡುವಿಗೆ ಬೆನ್ನು ತಿರುಗಿಸಿ ಉದಗೀರದವನ ಮುಂದೆ ಹೋಗಿ ನಿಂತ.

"ನೀ ಬಾರ್ಸು."

ಅವನು ಪಾನ್ ಉಗುಳಿ ಶುರು ಮಾಡಿದ. ಅವನಿಗೆ ಗೊತ್ತಿದ್ದದ್ದು ಕಾಲಿನ ಹಿಂದೆ ಹೋಗುವುದು. ಮಾವನಿಗೆ ಗೊತ್ತಿದ್ದದ್ದು ಸಂಬಾಳದ ಹಿಂದೆ ಹೋಗುವುದು. ಮಾವ ಜೋರು ಮಾಡಿದರೆ ಅವನು ಜೋರು, ಅವನ ಜೋರು ಕೇಳಿ ಮಾವ ಇನ್ನೂ ಜೋರು. ತಡೆಯುವವರು ಇಬ್ಬರಲ್ಲಿ ಯಾರೂ ಇರಲಿಲ್ಲ. ಮಾವ ಎಂದೂ ಹಾರದವನು ಹಾರಿದ, ಹಿಂದಕ್ಕೆ ಓಡಿದ. ಕಡ್ಡಿ ತಂದುಕೊಟ್ಟವನ ಕೈ ತಳ್ಳಿ "ದಾರ" ಎಂದ. ಅವನು ದಾರದ ಶಸ್ತ್ರ ಬಿಟ್ಟು ವರ್ಷಗಳಾಗಿದ್ದವು.

ದಾರ ಎಳೆಯುವವರು ಎಳೆಯುತ್ತಿದ್ದರು. ಅರ್ಧವಾಯಿತು. ನಮ್ಮ ಕಡೆಯವರು ಸಂಬಾಳ ಇಳಿಯುತ್ತದೆಂದು ಕಾದರು. ಅದು ಇಳಿಯಲಿಲ್ಲ, ಯಾಕೆಂದರೆ ಮಾವನ ಕಾಲು ನಿಂತಿರಲಿಲ್ಲ. ಅವನ ಕಾಲು ನಿಲ್ಲಲಿಲ್ಲ, ಯಾಕೆಂದರೆ ಸಂಬಾಳ ಇಳಿದಿರಲಿಲ್ಲ. ಬಿಳಿ ದಾರ ಇನ್ನೊಂದು ಗಲ್ಲದಿಂದ ಕೆಂಪಾಗಿ ಬರುತ್ತಿತ್ತು. ಸುವರ್ಣಾ ತಲೆಯ ಮೇಲಿನ ಕೊಡವನ್ನು ಎರಡೂ ಕೈಯಲ್ಲಿ ಹಿಡಿದು, "ಅಪ್ಪಾ, ಸಾಕ್ರೀ, ಅಪ್ಪಾ," ಅನ್ನುತ್ತ ನಿಂತಿದ್ದಳು. ಕೊಡ ಇಳಿಸುವಂತಿಲ್ಲ, ಕಣ್ಣೊರೆಸಿಕೊಳ್ಳುವಂತಿಲ್ಲ. ದಾರ ಮುಗಿದು ಎಷ್ಟೋ ಹೊತ್ತಿನ ಮೇಲೆ ಮಾವ ಬಿದ್ದ. ಆಗ ಸಂಬಾಳ ನಿಂತಿತು. ಯಾರೋ ವಿಭೂತಿ ಮೆತ್ತಿದರು. ಬೀಗರು ಬಂದು ಅವನ ಪಾದ ಮುಟ್ಟಿ ನಮಸ್ಕರಿಸಿದರು. ಗೇಲಿ ಮಾಡಿದವನೂ ನಮಸ್ಕರಿಸಿದ.

ಈ ಗುಗ್ಗುಳದ ವಿಡಿಯೋ ಒಂದಿದೆ. ನೆಂಟರೊಬ್ಬರು ಮೊಬೈಲಿನಲ್ಲಿ ತೆಗೆದದ್ದು. ಬಹಳ ವರ್ಷ ನೋಡಿರಲಿಲ್ಲ. ನೋಡಿದಾಗ ನನಗೆ ದಿಗಿಲಾಯಿತು. ಅದರ ಅಂಚಿನಲ್ಲಿ ದಗಡು ಕಾಣುತ್ತಾನೆ. ಅವನ ಕೋಲುಗಳು ನನ್ನ ನೆನಪಿಗಿಂತ ಚುರುಕಾಗಿ ಓಡುತ್ತಿವೆ. ಏರಿಸಿದ್ದನೇ? ಅಥವಾ ಏರಿಸಲು ಹೋಗಿ ತಡೆದುಕೊಂಡನೇ? ಹೈವೇಯ ಲಾರಿಯೊಂದರ ಹಾರ್ನು ಸರಿಯಾಗಿ ಅಲ್ಲೇ ಬಂದು ಎಲ್ಲವನ್ನೂ ನುಂಗಿಬಿಡುತ್ತದೆ. ಹಾರ್ನು ನಿಂತಾಗ ಮಾವ ಆಗಲೇ ಬೆನ್ನು ತಿರುಗಿಸಿದ್ದಾನೆ.

ಮದುವೆ ಚೆನ್ನಾಗಿಯೇ ಆಯಿತು. ಮಾವ ಕೆನ್ನೆಗೆ ವಿಭೂತಿ ಬಳಿದುಕೊಂಡೇ ಊಟದ ಸಾಲುಗಳಲ್ಲಿ ಓಡಾಡಿ ಹೋಳಿಗೆ ಹಾಕಿಸಿದ. ಮಗಳು ಉದಗೀರಕ್ಕೆ ಹೋದಳು. ಅದಾದ ಮೇಲೆ ಅವನ ಬಲಗಲ್ಲ ಕೆಂಪಾಯಿತು, ಊದಿತು, ದವಡೆ ಬಿಗಿಯಿತು. ದೇವರ ಗಾಯವನ್ನು ಸೂಜಿಯವರಿಗೆ ತೋರಿಸುವುದಿಲ್ಲವೆಂದು ಹಟ ಹಿಡಿದ. ಅತ್ತೆ ಅತ್ತಳು, ಬೈದಳು, ಉಪವಾಸ ಕೂತಳು. ಮಳೆ ಶುರುವಾದ ಮೇಲೆ, ಅವನಿಗೆ ಬೇಡ ಅನ್ನುವ ಶಕ್ತಿಯೂ ಇಲ್ಲದಾಗ, ಲಾತೂರಿನ ದವಾಖಾನೆಗೆ ಕರೆದೊಯ್ದೆವು. ತಡವಾಗಿದೆ ಎಂದರು. ಕೆಲವು ದಿನ ಇಟ್ಟುಕೊಂಡು, ಮನೆಗೆ ಕರೆದೊಯ್ಯುವುದೇ ಒಳ್ಳೆಯದೆಂದರು.

ದಗಡು ದಿನಾ ಬರುತ್ತಿದ್ದ. ಒಳಗೆ ಬರುತ್ತಿರಲಿಲ್ಲ, ಹೊಸ್ತಿಲಿಗೆ ಒರಗಿ ಕೂರುತ್ತಿದ್ದ. ಮಾವ ಗೋಡೆಯ ಕಡೆ ಹೊರಳುತ್ತಿದ್ದ. ಒಂದು ಮಧ್ಯಾಹ್ನ ಮಾತ್ರ ಹೊರಳಲಿಲ್ಲ. ಊದಿದ ಬಾಯಿಂದ ಬಂದ ಮಾತು ಹಿಡಿಯಲು ನಾನು ಬಗ್ಗಬೇಕಾಯಿತು.

"ಎಲ್ಲರ ಮುಂದ ನನ್ನ ದೇವ್ರಿಗಿ ತಡದಿ."

"ನಿಮ್ಮ ಕಾಲು ನೋಡಿದ್ರೀ ಸಾವಕಾರ್ರ."

"ನಿನಗ ಯಾರು ಅಂದ್ರು ನೋಡಂತ?"

ಒಳಗೆ ಅತ್ತೆ ಕೆಂಡಕ್ಕೆ ಗುಗ್ಗುಳ ಹಾಕುತ್ತಿದ್ದಳು. ದಗಡು ಆ ಕಡೆ ನೋಡಿದನೇ? ನೋಡಿದ ಎಂದು ಬರೆದರೆ ಕಥೆಗೆ ಒಳ್ಳೆಯದು. ನನಗೆ ಗೊತ್ತಿಲ್ಲ. ನಾನು ಮಾವನ ಬಾಯಿಯ ಹತ್ತಿರ ಬಗ್ಗಿದ್ದೆ. ದಗಡು ಏನೂ ಹೇಳಲಿಲ್ಲ ಎಂಬುದು ಗೊತ್ತು.

ಮಾವ ಹೋದ ದಿನ ಮಳೆ ಹಿಡಿದಿತ್ತು. ನಮ್ಮಲ್ಲಿ ಕೂರಿಸಿ ಒಯ್ಯುತ್ತಾರೆ, ಕೂರಿಸಿಯೇ ಮಣ್ಣು ಕೊಡುತ್ತಾರೆ. ಪುರವಂತನಾದರೆ ಮುಂದೆ ಸಂಬಾಳ ಇರಲೇಬೇಕು. ದಗಡು ವಾದ್ಯಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡೇ ಬಂದಿದ್ದ. ಅತ್ತೆ ಬಾಗಿಲಿಗೆ ಬಂದಳು. ನೆಂಟರೆಲ್ಲ ಇದ್ದರು.

"ಬಿಚ್ಚು ಅದು," ಎಂದಳು. "ನೀ ಅವತ್ತ ಏರಿಸಿದ್ರ ಒಂದ್ ಕಡ್ಡಿ ಚುಚ್ಕೊಂಡು ಕುಂದರ್ತಿದ್ರು. ದಾರ ಕೇಳ್ತಿದ್ದಿಲ್ಲ. ಮಂದ್ಯಾಗ ಅವ್ರ ಮಾನಾ ಕಳದಿ. ನೀನೇ ಕೊಂದಿ ದಗಡೂ."

ಅವಳ ಮಾತು ಸುಳ್ಳೆಂದು ಯಾರೂ ಹೇಳಲಾರರು. ಒಂದು ಕಡ್ಡಿಯ ಗಾಯ ಮಾಯುತ್ತಿತ್ತೋ ಏನೋ. ದಗಡು ಸೊಂಟದ ಗಂಟು ಬಿಚ್ಚತೊಡಗಿದ. ಮಳೆಗೆ ನೆನೆದ ಗಂಟು ಬೇಗ ಬಿಚ್ಚಲಿಲ್ಲ. "ಹೌದ್ರೀ ಅವ್ವಾ," ಎಂದ, ಅಷ್ಟೇ. ಸಂಬಾಳವನ್ನು ಕಟ್ಟೆಯ ಮೇಲಿಟ್ಟು, ಎಲ್ಲರ ಹಿಂದೆ, ಬರಿಗೈಯಲ್ಲಿ ನಡೆದು ಬಂದ.

ವರ್ಷಗಳ ಮೇಲೆ, ನನಗೆ ಬೇರೆ ಕಡೆ ವರ್ಗವಾದ ಎಷ್ಟೋ ಕಾಲದ ಮೇಲೆ, ಒಮ್ಮೆ ಅತ್ತೆಯನ್ನು ಮೆಲ್ಲಗೆ ಕೇಳಿದೆ. ಹಿತ್ತಲಲ್ಲಿ ನೀವೇ ಬೇಡ ಅಂದಿದ್ದಿರಲ್ಲ ಎಂದು. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಮುಚ್ಚಿಡುವವರ ಗಾಬರಿ ಇರಲಿಲ್ಲ. ನಿಜವಾದ ಆಶ್ಚರ್ಯ ಇತ್ತು.

"ನಾ ಹಂಗ ಹೇಳ್ತೀನೇನೋ? ಮಗಳ ಗುಗ್ಗುಳದಾಗ ಗಂಡನ ದೇವ್ರಿಗಿ ತಡಿ ಅಂತ ಯಾವ ಹೆಂಗ್ಸು ಅಂತಾಳೋ ತಮ್ಮಾ? ನಿನಗ ಕನಸು ಬಿದ್ದಿರಬೇಕು."

ಬಿದ್ದಿರಬಹುದು. ಸೌಟೋ ಲಟ್ಟಣಿಗೆಯೋ ಎಂದೇ ತಿಳಿಯದವನು ಮಾತಿನ ಬಗ್ಗೆ ಹೇಗೆ ಆಣೆ ಮಾಡಲಿ?

ಹೋದ ತಿಂಗಳು ನಾನು ಉಮರ್ಗಾದಲ್ಲಿ ಇಳಿದಿದ್ದು ಮರುದಿನ ಲೋಹಾರಾಕ್ಕೆ ಹೋಗಲೆಂದು. ಹಳೆಯ ಸಹೋದ್ಯೋಗಿಯೊಬ್ಬರ ಮಗನ ಮದುವೆ. ಗುಗ್ಗುಳ ಹೊರಟ ಕೂಡಲೇ ಸಂಬಾಳದ ಸದ್ದು ಕೇಳಿ ಉದಗೀರದವರು ಬಂದಿದ್ದಾರೆ ಅಂದುಕೊಂಡೆ. ಹೊಸ್ತಿಲಿನಿಂದಲೇ ಜೋರು. ಹತ್ತಿರ ಹೋಗಿ ನೋಡಿದರೆ ದಗಡು. ಹಲ್ಲು ಹೋಗಿವೆ, ಭುಜ ಬಾಗಿವೆ, ಕೋಲು ಮಾತ್ರ ಅವವೇ. ಮೆರವಣಿಗೆ ಚಹಾಕ್ಕೆ ನಿಂತಾಗ ಪಕ್ಕದಲ್ಲಿ ಕೂತೆ.

"ಬಂದ್ರೇನ್ರೀ ಮಾಸ್ತರ? ತಲಿ ಪೂರಾ ಬೆಳ್ಳಗಾಗ್ಯಾದಲ. ಹೊಲ ಸುಟ್ಟು ಬೂದಿ ಬಿದ್ದಂಗ ಕಾಣ್ತದ."

ನಕ್ಕೆ. ಆಮೇಲೆ ಕೇಳಿದೆ. "ದಗಡೂ, ಈಗ ನೀ ನಡಿಗಿ ಬಾರಸೂದೇ ಇಲ್ಲೇನು?"

"ಇಲ್ರೀ. ಕೇಳಿದವ್ರಿಗಿ ಕೇಳಿದ್ದು ಕೊಡ್ತೀನಿ. ಅವ್ರ ಕಾಲು, ಅವ್ರ ಗಲ್ಲ, ಅವ್ರ ದೇವ್ರು."

"ನಿನ್ನ ಹುಡುಗ್ರಿಗಿ?"

"ಅವ್ರಿಗೂ ಇಷ್ಟೇ ಕಲಿಸೀನಿ."

ಅಂದರೆ ಕಾಯುವ ಸಂಬಾಳ ಇನ್ನು ಯಾರ ಕೈಯಲ್ಲೂ ಇಲ್ಲ. ಅದನ್ನು ಕೊಂದದ್ದು ಡಿಜೆ ಅಲ್ಲ, ಬ್ಯಾಂಡು ಅಲ್ಲ. ನಾನು ಇನ್ನೊಂದು ಮಾತು ಕೇಳಲೇಬೇಕಿತ್ತು. "ಅವತ್ತ ಹಿತ್ತಲದಾಗ ಅತ್ತಿ ನಿನಗ ಹೇಳಿದ್ದು ಖರೇ ಹೌದಲ್ಲೋ?"

ದಗಡು ಬಶಿಯ ತಳದ ಚಹಾ ನೆಲಕ್ಕೆ ಚೆಲ್ಲಿದ. "ಹೇಳಿದ್ರೋ, ಇಲ್ಲೋ. ಕೋಲು ನನ್ನ ಕೈಯಾಗಿತ್ತಲ್ರೀ ಮಾಸ್ತರ."

ಅಷ್ಟರಲ್ಲಿ ಪುರವಂತ ಅವನನ್ನು ಕರೆದ. ಅವನಿಗೂ ಈಚೆಗಷ್ಟೇ ಮದುವೆಯಾಗಿತ್ತಂತೆ, ಸಣಕಲು ಮನುಷ್ಯ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂದು ಅವನ ಒಣಗಿದ ತುಟಿಯೇ ಹೇಳುತ್ತಿತ್ತು, ನಿಂತಲ್ಲೇ ತೂಗಾಡುತ್ತಿದ್ದ. ಆಗಲೇ ಒಂದು ಶಸ್ತ್ರ ಹಾಕಿಕೊಂಡಾಗಿತ್ತು, ಇನ್ನೊಂದು ಬೇಕೆಂದು ಕೈ ಎತ್ತಿದ. ದಗಡು ಮೊಣಕಾಲಿಗೆ ಕೈಯೂರಿ ಎದ್ದ. ಜನ ದಾರಿ ಬಿಟ್ಟರು. ಅವನು ಆ ಮನುಷ್ಯನ ಎದುರು ಹೋಗಿ ನಿಂತು, ಅವನ ಕಾಲು ನೋಡದೆ ತಲೆ ಎತ್ತಿ, ರಸ್ತೆಯ ಮೇಲೆ ಹಾದುಹೋದ ಕರೆಂಟಿನ ತಂತಿಗಳನ್ನು ನೋಡುತ್ತ, ಒಮ್ಮೆಲೇ ಏರಿಸಿದ.